ನಾಯಕಿ ರೋಸಿ ಹಿಂದಿರುಗಿ ಹೋದರೂ ಚಿತ್ರವನ್ನು ವಿಮರ್ಶಕರು ಮೆಚ್ಚಿದ್ದೇಕೆ?

ಪ್ರಶ್ನೆ: ಕೆನಡಾದ ‘ದಿ ಬಾಡಿ ರಿಮೆಂಬರ್ಸ್ ವೆನ್ ದಿ ವರ್ಲ್ಡ್ ಬ್ರೋಕ್ ಓಪನ್’ ಚಿತ್ರದಲ್ಲಿ ಸಂಗಾತಿಯಿಂದ ಹೊಡೆತ ತಿಂದ ರೋಸಿ ಎಂಬ ಗರ್ಭಿಣಿ ಕೊನೆಗೆ ಅದೇ ಮನೆಗೆ ಮರಳುತ್ತಾಳೆ. ಏನೊಂದೂ ಬಗೆಹರಿಯದ ಈ ಕಥೆಯನ್ನು ವಿಮರ್ಶಕರು ಅಷ್ಟೊಂದು ಹೊಗಳಿದ್ದು ಒಂದೇ ಶಾಟ್‌ನ ಬೆರಗಿಗೆ ಮಾತ್ರವೇ?

ಉತ್ತರ: ಬೆರಗೂ ಒಂದು ಕಾರಣ, ಆದರೆ ಅದೇ ಮುಖ್ಯವಲ್ಲ. ಎಲೆ-ಮಾಯಾ ಟೇಲ್‌ಫೆದರ್ಸ್ ಮತ್ತು ಕ್ಯಾಥ್ಲೀನ್ ಹೆಪ್‌ಬರ್ನ್ ಜೊತೆಯಾಗಿ ಬರೆದು ನಿರ್ದೇಶಿಸಿದ ಈ ಚಿತ್ರ 2019ರ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ಟೊರಾಂಟೊದ ಚಲನಚಿತ್ರ ವಿಮರ್ಶಕರ ಸಂಘ ಇದನ್ನು ಆ ವರ್ಷದ ಅತ್ಯುತ್ತಮ ಕೆನಡಿಯನ್ ಚಿತ್ರವೆಂದು ಆರಿಸಿತು. 2020ರ ಕೆನಡಿಯನ್ ಸ್ಕ್ರೀನ್ ಪ್ರಶಸ್ತಿಗಳಲ್ಲಿ ನಿರ್ದೇಶನ ಮತ್ತು ಚಿತ್ರಕಥೆಯ ಗೌರವಗಳೂ ಸಂದವು.

ಚಿತ್ರದ ಬಹುಭಾಗ ಕಡಿತವಿಲ್ಲದ ಒಂದೇ ಶಾಟ್‌ನಂತೆ ಕಾಣುತ್ತದೆ. ಇದನ್ನು ಚಿತ್ರೀಕರಿಸಿದ 16 ಎಂಎಂ ಫಿಲ್ಮಿನ 400 ಅಡಿಯ ಒಂದು ರೀಲು ಸುಮಾರು 11 ನಿಮಿಷಕ್ಕೆ ಮುಗಿದುಹೋಗುವುದರಿಂದ ಅದು ನಿಜವಾಗಿ ಒಂದೇ ಶಾಟ್ ಆಗಿರುವುದು ಸಾಧ್ಯವಿಲ್ಲ. ಛಾಯಾಗ್ರಾಹಕ ನಾರ್ಮ್ ಲೀ ಅವರ ಜಾಣ್ಮೆಯಿರುವುದು ರೀಲುಗಳ ಕೂಡುಗೆ ಕಣ್ಣಿಗೆ ಬೀಳದಂತೆ ನೋಡಿಕೊಂಡದ್ದರಲ್ಲಿ. ಈ ವಿಧಾನದ ಫಲವೇನೆಂದರೆ, ವ್ಯಾಂಕೂವರ್‌ನ ಮಳೆಯಲ್ಲಿ ಬರಿಗಾಲಲ್ಲಿ ನಿಂತ ರೋಸಿಯನ್ನು ಅಪರಿಚಿತೆ ಆಯ್ಲಾ ತನ್ನ ಮನೆಗೆ ಕರೆತಂದ ಮೇಲೆ ಅವರಿಬ್ಬರ ನಡುವಿನ ಮುಜುಗರ, ಅನುಮಾನ, ಮಾತು ಸಿಗದ ಗಳಿಗೆಗಳು ಯಾವುದರಿಂದಲೂ ಪ್ರೇಕ್ಷಕನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕೆಲವೆಡೆ ಮೌನ ತುಸು ಎಳೆದಂತೆ ಅನ್ನಿಸುವುದೂ ಉಂಟು.

ನನ್ನ ದೃಷ್ಟಿಯಲ್ಲಿ ಚಿತ್ರದ ನಿಜವಾದ ಸತ್ವ ಆ ಇಬ್ಬರ ನಡುವಿನ ಅಂತರದಲ್ಲಿದೆ. ಇಬ್ಬರೂ ಮೂಲನಿವಾಸಿ ಹೆಣ್ಣುಮಕ್ಕಳೇ. ಆದರೆ ಟೇಲ್‌ಫೆದರ್ಸ್ ತಾವೇ ಅಭಿನಯಿಸಿರುವ ಆಯ್ಲಾ ತಿಳಿ ಮೈಬಣ್ಣದ, ಅನುಕೂಲಸ್ಥ ಬದುಕಿನವಳು. ವಯೊಲೆಟ್ ನೆಲ್ಸನ್ ನಿರ್ವಹಿಸಿದ ರೋಸಿಯಾದರೋ ಹೆತ್ತವರಿಂದ ಬೇರ್ಪಡಿಸಿದ ಮಕ್ಕಳನ್ನು ಸಾಕುವ ಸರ್ಕಾರದ ಪಾಲನಾ ವ್ಯವಸ್ಥೆಯಲ್ಲಿ ಬೆಳೆದ ಬಡ ಹುಡುಗಿ. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳ ಆಶ್ರಯಕೇಂದ್ರಕ್ಕೆ ಇಬ್ಬರೂ ಹೊರಟ ಟ್ಯಾಕ್ಸಿಯಲ್ಲಿ ರೋಸಿ, ವ್ಯಸನದ ಚಿಕಿತ್ಸೆಗೆ ಹೋಗುತ್ತಿರುವವಳು ಈ ಆಯ್ಲಾಳೇ ಎಂದು ಚಾಲಕನಿಗೆ ಕಥೆ ಕಟ್ಟಿ ಹೇಳುವ ದೃಶ್ಯವನ್ನು ಗಮನಿಸಿ: ನೆರವು ಪಡೆಯುವವಳೆಂಬ ಪಾತ್ರವನ್ನು ಅವಳು ಕ್ಷಣಕಾಲ ಆಯ್ಲಾಳ ತಲೆಗೇ ಕಟ್ಟಿಬಿಡುತ್ತಾಳೆ. ಕನಿಕರದಿಂದ ನೋಡಲು ಕುಳಿತ ಪ್ರೇಕ್ಷಕನಿಗೂ ಅಲ್ಲಿ ಚುರುಕು ಮುಟ್ಟುತ್ತದೆ.

ಇನ್ನು ಅವಳು ಏಕೆ ಮರಳುತ್ತಾಳೆ ಎಂಬುದು. ಕೆನಡಾದ 2016ರ ಜನಗಣತಿಯ ಪ್ರಕಾರ 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳ ಪಾಲು ಶೇ 7.7, ಖಾಸಗಿ ಮನೆಗಳಲ್ಲಿ ಪಾಲನೆಗೆ ಒಪ್ಪಿಸಲಾದ ಅದೇ ವಯಸ್ಸಿನ ಮಕ್ಕಳಲ್ಲಿ ಮಾತ್ರ ಅವರ ಪಾಲು ಶೇ 52.2. ಅಂಥ ವ್ಯವಸ್ಥೆಯೊಳಗೇ ಬೆಳೆದವಳಿಗೆ, ಅಧಿಕಾರಿಗಳ ಕಣ್ಣಿಗೆ ಬೀಳುವುದೆಂದರೆ ಹುಟ್ಟಲಿರುವ ಕೂಸನ್ನು ಕಳೆದುಕೊಳ್ಳುವ ದಾರಿಯಾಗಿಯೂ ಕಾಣಬಹುದು. ಆಶ್ರಯಕೇಂದ್ರದ ಸಿಬ್ಬಂದಿ ಎಷ್ಟೇ ಮೃದುವಾಗಿ ಮಾತನಾಡಿದರೂ ರೋಸಿ ಬಿಗುವು ಬಿಡದಿರುವುದರಲ್ಲಿ ಅಚ್ಚರಿಯಿಲ್ಲ. ಅವಳು ಅಲ್ಲೇ ಉಳಿದಿದ್ದರೆ ಚಿತ್ರ ಆಯ್ಲಾಳ ಔದಾರ್ಯದ ಕಥೆಯಾಗಿ ಮುಗಿಯುತ್ತಿತ್ತು.