ಹೀಟರ್ ಪ್ಲಗ್ಗಾ, ಟೈಮಿಂಗಾ? ಹಳೇ ಡೀಸೆಲ್ ಪಿಕಪ್ ಬೆಳಗ್ಗೆ ಸ್ಟಾರ್ಟ್ ಆಗದಿದ್ದಾಗ ಬರೋ ಎರಡು ಪದ

ಇಂಜಿನ್ ಪುಸ್ತಕದಲ್ಲಿ ಗ್ಲೋ ಪ್ಲಗ್ ಅಂತ ಇರೋದನ್ನ ನಮ್ಮ ಕಡೆ ಗ್ಯಾರೇಜಲ್ಲಿ ಹೀಟರ್ ಪ್ಲಗ್ ಅಂತಾರೆ. ಪೆಟ್ರೋಲ್ ಗಾಡಿ ಸ್ಪಾರ್ಕ್ ಪ್ಲಗ್ ತರ ಇದು ಕಿಡಿ ಹಾರಿಸಲ್ಲ, ಬರೀ ಕಾಯುತ್ತೆ ಅಷ್ಟೇ. ಪೆನ್ಸಿಲ್‌ಗಿಂತ ತೆಳ್ಳಗಿರೋ ಕಡ್ಡಿ, ಒಳಗೆ ಕಾಯಿಲ್, ಕೀ ಆನ್ ಮಾಡಿದ ತಕ್ಷಣ ಬ್ಯಾಟರಿ ಕರೆಂಟ್ ಹೋಗಿ ತುದಿ ಕೆಂಪಗೆ ಕಾದು 800 ಡಿಗ್ರಿ ದಾಟುತ್ತೆ.

ಎಲ್ಲಾ ಡೀಸೆಲ್ ಗಾಡಿಗೂ ಇದು ಬೇಕಾ ಅಂದ್ರೆ ಇಲ್ಲ. ಟಾಟಾ 407, 1612 ತರದ ಲಾರಿಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೇ ಬೀಳುತ್ತೆ, ಅಲ್ಲಿ ಗಾಳಿ ಒತ್ತಿದಾಗ ಹುಟ್ಟೋ ಶಾಖನೇ ಸಾಮಾನ್ಯವಾಗಿ ಸಾಕು. ಆದ್ರೆ ಟಾಟಾಮೊಬೈಲ್ 206, ಮೊದಲ ಸುಮೋ ಇವುಗಳ 1948 ಸಿಸಿ ಇಂಜಿನ್, ಮಹೀಂದ್ರಾ ಜೀಪು-ಪಿಕಪ್ಪಲ್ಲಿ ಬರ್ತಿದ್ದ ಪೂಜೋ ಇಂಜಿನ್, ಇವೆಲ್ಲ ಬೇರೆ ಜಾತಿ. ಇವುಗಳ ಹೆಡ್ಡಲ್ಲಿ, ಅಂದ್ರೆ ಸಿಲಿಂಡರ್ ಮೇಲಿನ ಮುಚ್ಚಳದಲ್ಲಿ, ಒಂದು ಸಣ್ಣ ಗೂಡು ಇರುತ್ತೆ, ನಾಝಲ್ ಡೀಸೆಲ್ ಹೊಡೆಯೋದು ಆ ಗೂಡಿನೊಳಗೆ, ಬೆಂಕಿ ಅಲ್ಲಿ ಹತ್ತಿಕೊಂಡು ಆಮೇಲೆ ಸಿಲಿಂಡರ್‌ಗೆ ನುಗ್ಗುತ್ತೆ. ಗಾಳಿನ 20 ಪಟ್ಟಿಗೂ ಜಾಸ್ತಿ ಒತ್ತಿದ್ರೂ, ತಣ್ಣಗಿರೋ ಗೂಡಿನ ಗೋಡೆ ಆ ಶಾಖ ಎಲ್ಲಾ ಹೀರಿಬಿಡುತ್ತೆ. ಅದಕ್ಕೇ ಬೆಂಗಳೂರಲ್ಲಿ ಹೆಂಗೋ ನಡ್ಕೊಂಡು ಹೋಗ್ತಿದ್ದ ಗಾಡಿ ಮಡಿಕೇರಿ, ಮೂಡಿಗೆರೆ ಕಡೆ ಡಿಸೆಂಬರ್ ಬೆಳಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಖಾಲಿ ಮಾಡ್ಕೊಂಡು ನಿಲ್ಲೋದು.

ಸಿಲಿಂಡರಿಗೊಂದರಂತೆ ಇರೋ ನಾಲ್ಕರಲ್ಲಿ ಒಂದು ಪ್ಲಗ್ ಹೋದ್ರೆ ಗಾಡಿ ಸ್ಟಾರ್ಟ್ ಆಗುತ್ತೆ, ಆದ್ರೆ ಒಂದು ಸಿಲಿಂಡರ್ ಮಿಸ್ ಹೊಡೀತಾ, ಸೈಲೆನ್ಸರಿಂದ ಬಿಳಿ ಹೊಗೆ ಬಿಡ್ತಾ ಒಂದೆರಡು ನಿಮಿಷ ನಡುಗಿ ಆಮೇಲೆ ಸರಿಹೋಗುತ್ತೆ. ಆ ಹೊಗೆ ಉರಿಯದೇ ಆವಿಯಾದ ಡೀಸೆಲ್, ವಾಸನೆ ಕಣ್ಣಿಗೆ ಹತ್ತುತ್ತೆ. ಎರಡು ಮೂರು ಹೋದ್ರೆ ಚಳಿಯಲ್ಲಿ ತಳ್ಳೋದೇ ಗತಿ.

ಡ್ಯಾಶ್‌ಬೋರ್ಡಲ್ಲಿ ಕಾಯಿಲ್ ಲೈಟ್ ಬಂದು ಹೋಯ್ತು, ಹಂಗಾಗಿ ಹೀಟರ್ ಸರಿ ಇದೆ ಅಂತ ತುಂಬಾ ಜನ ನಂಬ್ತಾರೆ, ಅದನ್ನ ದಯವಿಟ್ಟು ನಂಬಬೇಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಆ ಲೈಟ್ ಬರೀ ಟೈಮರ್ ಲೆಕ್ಕದಲ್ಲಿ ಉರಿಯೋದು, ಪ್ಲಗ್ ಸತ್ತಿದೆಯಾ ಬದುಕಿದೆಯಾ ಅದಕ್ಕೆ ಗೊತ್ತಿಲ್ಲ. ಮೊದಲು ನಾಲ್ಕೂ ಪ್ಲಗ್ ಸೇರಿಸಿರೋ ಪಟ್ಟಿಗೆ ಕೀ ಆನ್ ಮಾಡಿದಾಗ ಕರೆಂಟ್ ಬರ್ತಿದೆಯಾ ನೋಡಿ. ಬರ್ತಿಲ್ಲ ಅಂದ್ರೆ ರಿಲೇ, ಫ್ಯೂಸ್, ತುಕ್ಕು ಹಿಡಿದ ಕನೆಕ್ಷನ್ ಹತ್ರ ಹೋಗಿ, ಪ್ಲಗ್ ತರೋಕೆ ಅಂಗಡಿಗೆ ಓಡಬೇಡಿ. ಬರ್ತಿದೆ ಅಂದ್ರೆ ಕೀ ಆಫ್ ಮಾಡಿ ಪಟ್ಟಿ ಬಿಚ್ಚಿ, ಒಂದು 12 ವೋಲ್ಟ್ ಬಲ್ಬಿನ ಒಂದು ವೈರ್ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪ್ಲಗ್ ತಲೆಗೆ ಮುಟ್ಟಿಸಿ. ಉರಿಯಲಿಲ್ಲ ಅಂದ್ರೆ ಒಳಗಿನ ಕಾಯಿಲ್ ಕಟ್ ಆಗಿದೆ. ಉರಿದ್ರೆ ಕಟ್ ಆಗಿಲ್ಲ ಅಂತ ಗೊತ್ತಾಯ್ತೇ ಹೊರತು ಚೆನ್ನಾಗಿ ಕಾಯುತ್ತೆ ಅಂತ ಅಲ್ಲ, ಅದಕ್ಕೆ ಮಲ್ಟಿಮೀಟರ್ ಇಟ್ಟು ನೋಡೋದು ಒಳ್ಳೇದು, ಚೆನ್ನಾಗಿರೋ ಪ್ಲಗ್ ತಣ್ಣಗಿದ್ದಾಗ ಹೆಚ್ಚುಕಮ್ಮಿ ಒಂದು ಓಮ್ ಆಸುಪಾಸು ತೋರಿಸುತ್ತೆ, ನಾಲ್ಕರಲ್ಲಿ ಒಂದು ಮಾತ್ರ ಬೇರೆ ತೋರಿಸಿದ್ರೆ ಅದೇ ಕಳ್ಳ.

ಇನ್ನು ಟೈಮಿಂಗ್. ಪಿಸ್ಟನ್ ಮೇಲೆ ಬರ್ತಾ ಪೂರ್ತಿ ತುದಿ ಮುಟ್ಟೋ ಕೆಲವು ಡಿಗ್ರಿ ಮುಂಚೆ ಪಂಪ್ ಡೀಸೆಲ್ ಕಳಿಸ್ಬೇಕು, ಯಾಕಂದ್ರೆ ಹತ್ತಿಕೊಳ್ಳೋಕೂ ಡೀಸೆಲ್‌ಗೆ ಚೂರು ಹೊತ್ತು ಬೇಕು. ಆ "ಎಷ್ಟು ಮುಂಚೆ" ಅನ್ನೋದೇ ಟೈಮಿಂಗ್. ಆ ಲೆಕ್ಕ ಕಾಯೋದು ಪಂಪು. ಇಂಥ ಪಂಪ್ ಮಾಡ್ತಿದ್ದ ಬೆಂಗಳೂರಿನ ಮೈಕೋ ಕಂಪನಿ ಶುರುವಾಗಿದ್ದು 1951ರಲ್ಲಿ, ಆಡುಗೋಡಿಯಲ್ಲಿ ದೊಡ್ಡ ಫ್ಯಾಕ್ಟರಿ ಇತ್ತು, 2008ರಲ್ಲಿ ಹೆಸರು ಬಾಷ್ ಅಂತ ಆಯ್ತು, ಆದ್ರೆ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ.

ಟೈಮಿಂಗ್ ಲೇಟ್ ಆದ್ರೆ ಸ್ಟಾರ್ಟಿಂಗ್ ಕಷ್ಟ, ಬಿಳಿ ಹೊಗೆ, ಘಾಟಿ ಹತ್ತೋವಾಗ ಪುಲ್ಲಿಂಗ್ ಇಲ್ಲ. ಪಂಪ್ ಓಡಿಸೋ ಚೈನ್ ಸವೆದು ಉದ್ದ ಆದ ಗಾಡಿಗಳಲ್ಲಿ ಇದು ಯಾರೂ ಕೈ ಹಾಕದೇ ತಾನಾಗೇ ನಿಧಾನಕ್ಕೆ ಆಗುತ್ತೆ. ಅಡ್ವಾನ್ಸ್, ಅಂದ್ರೆ ಮುಂಚೆ ಕಳಿಸೋದು, ಜಾಸ್ತಿ ಆದ್ರೆ ಇಂಜಿನ್ ಕಟಕಟ ಅಂತ ಗಟ್ಟಿಯಾಗಿ ಬಡಿಯುತ್ತೆ, ಪಿಸ್ಟನ್ ಮೇಲೆ ಹೊಡೆತ.

ನೋಡಿ, ಕಷ್ಟದ ಸ್ಟಾರ್ಟಿಂಗ್, ಬಿಳಿ ಹೊಗೆ ಎರಡಕ್ಕೂ ಇದೆ, ಗೊಂದಲ ಆಗೋದೇ ಇಲ್ಲಿ. ಇಂಜಿನ್ ಬಿಸಿ ಆದ್ಮೇಲೆ ಏನಾಗುತ್ತೆ ಅನ್ನೋದನ್ನ ಹಿಡ್ಕೊಳ್ಳಿ. ಬಿಸಿ ಆದ್ಮೇಲೆ ಹೊಗೆ ನಿಂತು, ಎಳೆತ ಸರಿ ಇದ್ದು, ಮಧ್ಯಾಹ್ನ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಒಂದೇ ಸೆಲ್ಫಿಗೆ ಎದ್ರೆ ಮೊದಲು ಪ್ಲಗ್ ನೋಡಿ. ಬಿಸಿ ಆದ್ಮೇಲೂ ಹೊಗೆ, ಲೋಡಿಗೆ ಎಳೆಯಲ್ಲ ಅಂದ್ರೆ ಟೈಮಿಂಗ್ ಅಥವಾ ನಾಝಲ್ ಕಡೆ ನೋಡಿ. ಡೀಸೆಲ್ ಲೈನ್ ಗಾಳಿ ಎಳ್ಕೊಂಡಿದ್ರೂ ರಾತ್ರಿ ನಿಂತ ಗಾಡಿ ಬೆಳಗ್ಗೆ ಏಳಲ್ಲ, ಆದ್ರೆ ಆಗ ಸೆಲ್ಫ್ ಹೊಡೆದಾಗ ಹೊಗೆನೇ ಬರಲ್ಲ, ಯಾಕಂದ್ರೆ ಡೀಸೆಲ್ಲೇ ತಲುಪಿರಲ್ಲ.

ಇವೆರಡಕ್ಕೂ ಇನ್ನೊಂದು ನಂಟಿದೆ. ಬಿಚ್ಚಿದ ಪ್ಲಗ್ ತುದಿ ಕರಗಿ ಮೊಂಡಾಗಿದ್ರೆ ಅದು ಬರೀ ವಯಸ್ಸಾಗಿ ಸತ್ತಿದ್ದಲ್ಲ. ಸಾಮಾನ್ಯವಾಗಿ ಟೈಮಿಂಗ್ ತೀರಾ ಮುಂದಿದೆ, ಇಲ್ಲಾ ನಾಝಲ್ ಮಂಜಿನ ತರ ಹೊಡೆಯೋ ಬದಲು ಸೋರ್ತಿದೆ, ಅದನ್ನ ಸರಿ ಮಾಡದೇ ಹೊಸ ಸೆಟ್ ಹಾಕಿದ್ರೆ ಅದೂ ಸುಟ್ಟುಹೋಗುತ್ತೆ. ಪ್ಲಗ್ ಬದಲಾಯಿಸ್ತಾನೇ ಇರೋ ಮಾಲೀಕರು ಹಳೇ ಪ್ಲಗ್ ಎಸೆಯೋ ಮುಂಚೆ ತುದಿ ಒಮ್ಮೆ ನೋಡಲಿ ಅಂತ ನನ್ನ ಬೇಡಿಕೆ.

ಟೈಮಿಂಗನ್ನ ಕಿವಿಯಲ್ಲಿ ಇಡೋ ಪದ್ಧತಿ ಇದೆ, ಪಂಪಿನ ನಟ್ ಸಡಿಲಿಸಿ ಸ್ವಲ್ಪ ತಿರುಗಿಸಿ ಸದ್ದು ಕೇಳೋದು. ದಾರಿಯಲ್ಲಿ ನಿಂತಾಗ ಊರು ಸೇರೋಕೆ ಸರಿ, ಅದನ್ನೇ ಪರ್ಮನೆಂಟ್ ಅಂತ ಬಿಟ್ಕೊಬೇಡಿ. ರೋಟರಿ ಪಂಪ್ ಆದ್ರೆ ಹಿಂದಿನ ಬೋಲ್ಟ್ ಬಿಚ್ಚಿ ಡಯಲ್ ಗೇಜ್ ಅನ್ನೋ ಮುಳ್ಳಿನ ಅಳತೆ ಮೀಟರ್ ಹಾಕಿ, ಒಂದನೇ ಪಿಸ್ಟನ್ ತುದಿಯಲ್ಲಿದ್ದಾಗ ಪಂಪಿನೊಳಗೆ ಡೀಸೆಲ್ ತಳ್ಳೋ ಪ್ಲಂಜರ್ ಎಷ್ಟು ಎದ್ದಿದೆ ಅಂತ ಅಳೀತಾರೆ. ಮಿಲಿಮೀಟರಿನ ನೂರರ ಭಾಗದ ಲೆಕ್ಕ ಅದು, ಕಿವಿಗೆ ಸಿಗಲ್ಲ. ಅಳತೆ ಒಂದೊಂದು ಇಂಜಿನ್‌ಗೆ ಒಂದೊಂದು, ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡೇ ಇಡಿಸಿ.

ಪ್ಲಗ್ ಬಿಚ್ಚೋದು ಇಂಜಿನ್ ಸ್ವಲ್ಪ ಬೆಚ್ಚಗಿದ್ದಾಗ, ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸ್ತಾ. ಹಠ ಮಾಡಿದ್ರೆ ತುದಿ ಮುರಿದು ಗೂಡಿನೊಳಗೆ ಬಿದ್ದು ಹೆಡ್ ಇಳಿಸೋ ಕೆಲಸ ಆಗುತ್ತೆ. ಹೀಟರ್ ಪ್ಲಗ್ ಇರೋ ಗಾಡಿಗೆ ಸ್ಟಾರ್ಟಿಂಗ್ ಸ್ಪ್ರೇ ಅಂತೂ ಹೊಡೀಲೇಬೇಡಿ, ಕಾದ ತುದಿಗೆ ಅದು ತಗುಲಿದ್ರೆ ಸ್ಫೋಟ ಆದಂಗೆ ಹತ್ತಿಕೊಂಡು ಪಿಸ್ಟನ್ ಒಡೆಯಬಹುದು. ಪ್ಲಗ್ ಹೆಂಗೂ ಬಿಚ್ಚಿರ್ತೀರಲ್ಲ, ಅದೇ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ನೋಡಿಸಿಬಿಡಿ, ಆ ಕಂಪ್ರೆಷನ್, ಅಂದ್ರೆ ಗಾಳಿ ಒತ್ತೋ ಬಲವೇ ಕಮ್ಮಿ ಇದ್ರೆ ಹೊಸ ಪ್ಲಗ್ಗೂ ಕೆಲಸ ಮಾಡಲ್ಲ, ಟೈಮಿಂಗೂ ಕೆಲಸ ಮಾಡಲ್ಲ.