ಡೆಕಾಲ್ ಒಣಗಿದ ಮೇಲೆ ಸುತ್ತಲೂ ಬೆಳ್ಳಿ ಪೊರೆ ಮೂಡುವುದೇಕೆ?

ಪ್ರಶ್ನೆ: ಮನೆಯಲ್ಲಿಯೇ 1/72 ಅಳತೆಯ ವಿಮಾನದ ಪ್ಲಾಸ್ಟಿಕ್ ಕಿಟ್ ಜೋಡಿಸಿ, ಮ್ಯಾಟ್ (ಹೊಳಪಿಲ್ಲದ) ಬಣ್ಣ ಹಚ್ಚಿ, ಕೊನೆಗೆ ಡೆಕಾಲ್, ಅಂದರೆ ಅಕ್ಷರ ಚಿಹ್ನೆಗಳ ತೆಳು ಅಂಟುಚಿತ್ರ, ಅಂಟಿಸುತ್ತೇನೆ. ಅಂಟಿಸುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮರುದಿನ ನೋಡಿದರೆ ಅಕ್ಷರಗಳ ಸುತ್ತ ಬೆಳ್ಳಗೆ ಮಿನುಗುವ ಪೊರೆಯೊಂದು ಎದ್ದು ಕಾಣುತ್ತಿರುತ್ತದೆ. ಮೇಲೆ ಮ್ಯಾಟ್ ವಾರ್ನಿಷ್ ಹೊಡೆದರೂ ಅದು ಹೋಗುವುದಿಲ್ಲ. ಡೆಕಾಲ್ ಕಳಪೆಯೇ, ಅಥವಾ ನಾನು ಅಂಟಿಸುವ ಕ್ರಮದಲ್ಲಿ ದೋಷವಿದೆಯೇ?

ಉತ್ತರ: ಡೆಕಾಲ್ ಕಳಪೆಯಾಗಿರುವ ಸಾಧ್ಯತೆ ಕಡಿಮೆ, ಅಂಟಿಸುವ ಕೈಯಲ್ಲಿಯೂ ದೊಡ್ಡ ದೋಷವಿರಲಾರದು. ಬಹುತೇಕ ಸಂದರ್ಭಗಳಲ್ಲಿ ತೊಂದರೆ ಹುಟ್ಟುವುದು ಅದಕ್ಕೂ ಹಿಂದಿನ ಹಂತದಲ್ಲಿ, ಬಣ್ಣದ ಮೇಲ್ಮೈಯಲ್ಲಿ. ಹವ್ಯಾಸಿಗಳು ಸಿಲ್ವರಿಂಗ್ ಎಂದು ಕರೆಯುವ ಈ ಬೆಳ್ಳಿ ಪೊರೆಗೆ ಕಾರಣ ಡೆಕಾಲಿಗೂ ಬಣ್ಣಕ್ಕೂ ನಡುವೆ ಸಿಕ್ಕಿಕೊಂಡ ಗಾಳಿ. ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಡೆಕಾಲ್ ಅಂಟಿಸಬಾರದು, ಮೊದಲು ಗ್ಲಾಸಿ ಕ್ಲಿಯರ್, ಅಂದರೆ ಹೊಳೆಯುವ ಪಾರದರ್ಶಕ ವಾರ್ನಿಷ್, ಹೊಡೆಯಬೇಕು ಎಂಬ ಸಲಹೆಯನ್ನು ನೀವು ಕೇಳಿರಬಹುದು. ಸಲಹೆ ಸರಿಯಾದುದೇ. ಆದರೆ ಡೆಕಾಲಿಗೆ ಬೇಕಾಗಿರುವುದು ನುಣುಪು, ಹೊಳಪು ಆ ನುಣುಪಿನ ಜೊತೆಯಲ್ಲಿ ಬರುವ ಗುಣ ಮಾತ್ರ ಎಂಬುದನ್ನು ತಿಳಿಯದೆ ಕ್ಲಿಯರ್ ಹೊಡೆದವರು ಮತ್ತೆ ಅದೇ ಬೆಳ್ಳಿ ಪೊರೆಯನ್ನು ಕಂಡು ಕಂಗಾಲಾಗುವುದುಂಟು.

ಕಿಟ್ಟಿನೊಂದಿಗೆ ಬರುವ ಡೆಕಾಲಿನ ರಚನೆಯನ್ನು ಮೊದಲು ನೋಡೋಣ. ಅಡಿಯಲ್ಲಿ ನೀರು ಹೀರುವ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟು, ಅಂಟಿನ ಮೇಲೆ ಬಲು ತೆಳುವಾದ ಪಾರದರ್ಶಕ ಫಿಲ್ಮ್, ಆ ಫಿಲ್ಮಿನ ಆಸರೆಯಲ್ಲಿ ಅಚ್ಚಾದ ಶಾಯಿ. ನೀರಿನಲ್ಲಿ ನೆನೆಸಿದಾಗ ಅಂಟು ಕರಗಿ ಫಿಲ್ಮ್ ಕಾಗದದಿಂದ ಬಿಡಿಸಿಕೊಳ್ಳುತ್ತದೆ, ಉಳಿದ ಅಂಟಿನ ಬಲದಿಂದ ಮಾಡೆಲಿನ ಮೇಲೆ ಕುಳಿತುಕೊಳ್ಳುತ್ತದೆ. ಅಕ್ಷರಗಳ ಸುತ್ತ ನೀವು ಕಾಣುತ್ತಿರುವುದು ಶಾಯಿಯಿಲ್ಲದ ಈ ಬರಿಯ ಫಿಲ್ಮಿನ ಭಾಗವನ್ನು. ಶಾಯಿಯ ಕೆಳಗೂ ಗಾಳಿ ಸಿಕ್ಕಿರುತ್ತದೆ, ಆದರೆ ಶಾಯಿ ಅದನ್ನು ಮರೆಮಾಚುತ್ತದೆ.

ಇನ್ನು ಮ್ಯಾಟ್ ಬಣ್ಣ. ಬಣ್ಣ ಮಂಕಾಗಿ ಕಾಣಬೇಕಾದರೆ ಬೆಳಕು ಒಂದೇ ದಿಕ್ಕಿಗೆ ಪ್ರತಿಫಲಿಸದೆ ಎಲ್ಲ ಕಡೆಗೆ ಚದುರಬೇಕು. ಅದಕ್ಕಾಗಿ ಬಣ್ಣದಲ್ಲಿ ಸಿಲಿಕಾದಂತಹ ಸೂಕ್ಷ್ಮ ಪುಡಿಯನ್ನು ಬೆರೆಸಿರುತ್ತಾರೆ. ಬಣ್ಣ ಒಣಗಿ ಕುಗ್ಗಿದಾಗ ಆ ಕಣಗಳು ಮೇಲಕ್ಕೆ ಉಬ್ಬಿ ನಿಲ್ಲುತ್ತವೆ. ಬೆರಳಿಗೆ ನಯವೆನಿಸುವ ರೆಕ್ಕೆಯ ಮೇಲ್ಮೈ ಡೆಕಾಲ್ ಫಿಲ್ಮಿನ ಪಾಲಿಗೆ ಗುಡ್ಡ ಕಣಿವೆಗಳ ಪ್ರದೇಶ. ಫಿಲ್ಮ್ ಗುಡ್ಡಗಳ ತುದಿಗಳ ಮೇಲೆ ಕುಳಿತು ಕಣಿವೆಗಳನ್ನು ಮುಚ್ಚುತ್ತದೆ, ಕಣಿವೆಯೊಳಗಿನ ನೀರು ಆರಿದಂತೆ ಆ ಜಾಗಕ್ಕೆ ಗಾಳಿ ಬರುತ್ತದೆ.

ಅಂಟಿಸುವಾಗ ಚೆನ್ನಾಗಿದ್ದದ್ದು ಮರುದಿನ ಕೆಡುವುದೇಕೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಎರಡರ ವಕ್ರೀಭವನ ಸೂಚ್ಯಂಕಗಳ ಅಂತರ ಹೆಚ್ಚಿದ್ದಷ್ಟೂ ಪ್ರತಿಫಲನ ಹೆಚ್ಚು. ಫಿಲ್ಮಿನ ಸೂಚ್ಯಂಕ ಸುಮಾರು 1.5, ನೀರಿನದು 1.33, ಗಾಳಿಯದು 1. ಫಿಲ್ಮಿನಿಂದ ಗಾಳಿಗೆ ದಾಟುವಲ್ಲಿ ನೇರವಾಗಿ ಬೀಳುವ ಬೆಳಕಿನಲ್ಲಿ ಸುಮಾರು ಶೇಕಡ 4ರಷ್ಟು ಹಿಂದಿರುಗುತ್ತದೆ, ಫಿಲ್ಮಿನಿಂದ ನೀರಿಗೆ ದಾಟುವಲ್ಲಿ ಹಿಂದಿರುಗುವುದು ಶೇಕಡ ಅರ್ಧಕ್ಕೂ ಕಡಿಮೆ. ಆದ್ದರಿಂದ ಕೆಳಗೆ ನೀರಿರುವವರೆಗೆ ಫಿಲ್ಮ್ ಮಾಯವಾದಂತೆ ಕಾಣುತ್ತದೆ, ನೀರು ಆರಿದೊಡನೆ ಸಾವಿರಾರು ಪುಟ್ಟ ಗಾಳಿಯ ಹೊಂಡಗಳಿಂದ ಬೆಳಕು ಚದುರಿ ಬೆಳ್ಳಗೆ ತೋರುತ್ತದೆ. ಕಡು ಹಸಿರು, ಕಡು ನೀಲಿ, ಕಪ್ಪು ಬಣ್ಣಗಳ ಮೇಲೆ ಇದು ಕಣ್ಣಿಗೆ ರಾಚುತ್ತದೆ. ಬಿಳಿಯ ಮೇಲೆ ಇದ್ದರೂ ತಿಳಿಯುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳುವುದು ಅಗತ್ಯ. ಡೆಕಾಲ್ ಚೆನ್ನಾಗಿ ಅಂಟಿಕೊಂಡಿದ್ದರೂ ಸುತ್ತಲಿನ ಬಣ್ಣ ಮಂಕಾಗಿದ್ದು ಫಿಲ್ಮ್ ಮಾತ್ರ ಹೊಳೆಯುತ್ತಿದ್ದರೆ ಅದು ಸಿಲ್ವರಿಂಗ್ ಅಲ್ಲ. ಮಾಡೆಲನ್ನು ದೀಪದ ಕೆಳಗೆ ಹಿಡಿದು ನಿಧಾನವಾಗಿ ಓರೆ ಮಾಡಿ ನೋಡಿ. ಹೊಳಪು ಯಾವುದೋ ಒಂದು ಕೋನದಲ್ಲಿ ಮಾತ್ರ ಕಂಡು, ಉಳಿದೆಡೆ ಕೆಳಗಿನ ಬಣ್ಣ ಸ್ವಚ್ಛವಾಗಿ ತೋರಿದರೆ ಅದು ಫಿಲ್ಮಿನ ಮೇಲ್ಭಾಗದ ಹೊಳಪು, ಅದನ್ನು ಮ್ಯಾಟ್ ವಾರ್ನಿಷ್ ಸುಲಭವಾಗಿ ಅಡಗಿಸುತ್ತದೆ. ಯಾವ ಕೋನದಲ್ಲಿ ನೋಡಿದರೂ ಬೂದಿ ಎರಚಿದಂತಹ ಚುಕ್ಕೆಗಳು ಉಳಿದರೆ ದೋಷ ಫಿಲ್ಮಿನ ಅಡಿಯಲ್ಲಿದೆ. ವಾರ್ನಿಷ್ ಫಿಲ್ಮಿನ ಮೇಲೆ ಕುಳಿತುಕೊಳ್ಳುವುದರಿಂದ ಅಡಿಯ ಗಾಳಿಯನ್ನು ಮುಟ್ಟುವುದೇ ಇಲ್ಲ. ನಿಮ್ಮ ವಿಷಯದಲ್ಲಿ ಆಗಿರುವುದು ಇದೇ.

ಹಾಗಾದರೆ ಮೇಲ್ಮೈಯನ್ನು ನುಣುಪು ಮಾಡುವುದು ಹೇಗೆ? ಎಲ್ಲರೂ ಹಿಡಿಯುವ ದಾರಿ ಗ್ಲಾಸಿ ಕ್ಲಿಯರ್. ಟಾಮಿಯಾ ಕಂಪನಿಯ ಎಕ್ಸ್-22 ಅಥವಾ ಅಂತಹದೇ ಬೇರೊಂದು ಕ್ಲಿಯರನ್ನು ತಕ್ಕ ತಿನ್ನರಿನಲ್ಲಿ ತೆಳುವಾಗಿಸಿ, ಒಂದೇ ಸಲಕ್ಕೆ ದಪ್ಪಗೆ ಹೊಡೆಯದೆ ಎರಡು ಮೂರು ತೆಳು ಪದರಗಳಲ್ಲಿ ಹೊಡೆದರೆ ಅದು ಕಣಿವೆಗಳನ್ನು ತುಂಬಿ ಮೇಲೆ ಸಮತಟ್ಟಾಗುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲದವರು ಅಗಲವಾದ ಮೃದು ಬ್ರಷ್‌ನಿಂದ ಹಚ್ಚಿದರೂ ಫಲ ಸಿಗುತ್ತದೆ, ಆದರೆ ಒಮ್ಮೆ ಎಳೆದ ಜಾಗದ ಮೇಲೆ ಅದು ಹಸಿಯಿರುವಾಗ ಮತ್ತೆ ಮತ್ತೆ ಬ್ರಷ್ ಆಡಿಸಬಾರದು. ಕ್ಲಿಯರ್ ಹೊಡೆದರೂ ಸಿಲ್ವರಿಂಗ್ ತಪ್ಪಲಿಲ್ಲ ಎನ್ನುವವರು ಸಾಮಾನ್ಯವಾಗಿ ಎಡವುವುದು ಸಿಂಪಡಿಸುವ ದೂರದಲ್ಲಿ. ಏರ್‌ಬ್ರಷ್ ಅಥವಾ ಸ್ಪ್ರೇ ಕ್ಯಾನನ್ನು ತೀರ ದೂರ ಹಿಡಿದರೆ ಹನಿಗಳು ಗಾಳಿಯಲ್ಲಿಯೇ ಅರ್ಧ ಒಣಗಿ ಮರಳಿನಂತೆ ಬಂದು ಕೂರುತ್ತವೆ. ಡಬ್ಬಿಯ ಮೇಲೆ ಗ್ಲಾಸಿ ಎಂದಿದ್ದರೂ ಆಗಿರುವುದು ಇನ್ನೊಂದು ಒರಟು ಪದರ. ಓರೆ ಬೆಳಕಿನಲ್ಲಿ ರೆಕ್ಕೆಯನ್ನು ನೋಡಿದಾಗ ದೀಪದ ಪ್ರತಿಬಿಂಬದ ಅಂಚು ಸ್ಪಷ್ಟವಾಗಿದ್ದರೆ ಮೇಲ್ಮೈ ಸಿದ್ಧವಾಗಿದೆ ಎಂದರ್ಥ. ಅಂಚು ಕದಡಿದಂತಿದ್ದರೆ ಇನ್ನೂ ಕೆಲಸವಿದೆ.

ಕ್ಲಿಯರ್ ಬೇಡವೆನ್ನುವವರಿಗೆ ಎರಡನೆಯ ದಾರಿಯೂ ಉಂಟು. ಪೂರ್ತಿ ಒಣಗಿದ ಮ್ಯಾಟ್ ಬಣ್ಣವನ್ನು, ಡೆಕಾಲ್ ಕೂರುವ ಜಾಗದಲ್ಲಿ ಮಾತ್ರ, 3000 ಅಥವಾ ಅದಕ್ಕಿಂತ ನಯವಾದ ಗ್ರಿಟ್ಟಿನ ಸ್ಯಾಂಡಿಂಗ್ ಸ್ಪಂಜಿನಿಂದ ಹಗುರವಾಗಿ ಉಜ್ಜಿದರೆ ಗುಡ್ಡಗಳ ತುದಿಗಳು ಸವೆಯುತ್ತವೆ. ಹೊಳಪು ಅರೆಬರೆಯಾಗಿದ್ದರೂ ಡೆಕಾಲ್ ಅಚ್ಚುಕಟ್ಟಾಗಿ ಕೂರುತ್ತದೆ, ಬಣ್ಣದ ಮೇಲೆ ಪದರಗಳು ಪೇರುವುದೂ ತಪ್ಪುತ್ತದೆ. 1/72ರಂತಹ ಚಿಕ್ಕ ಅಳತೆಯಲ್ಲಿ ಪ್ಯಾನೆಲ್ ಗೆರೆಗಳು (ವಿಮಾನದ ತಗಡುಗಳ ಜೋಡಣೆಯನ್ನು ತೋರುವ ಸಣ್ಣ ಗೀರುಗಳು) ಬೇಗ ತುಂಬಿಹೋಗುವುದರಿಂದ ಈ ಕ್ರಮವೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ರೆಕ್ಕೆಯ ಅಂಚುಗಳಲ್ಲಿ ಬಣ್ಣ ಕಿತ್ತು ಪ್ಲಾಸ್ಟಿಕ್ ಕಾಣುವಷ್ಟು ಉಜ್ಜದಿರುವ ಸಂಯಮ ಬೇಕು.

ಯಾವ ದಾರಿ ಹಿಡಿದರೂ ಡೆಕಾಲ್ ಕೂರಿಸುವ ಮುನ್ನ ಬಣ್ಣ ಪೂರ್ತಿ ಗಟ್ಟಿಯಾಗಿರಬೇಕು. ಅಕ್ರಿಲಿಕ್ ಕ್ಲಿಯರಿಗೆ ಕಡೆಯ ಪಕ್ಷ ಒಂದು ದಿನ ಕೊಡಿ, ಎನಾಮೆಲ್ ಆದರೆ ಇನ್ನೂ ಹೆಚ್ಚು. ಮುಟ್ಟಿದರೆ ಅಂಟದಿರುವುದು ಒಣಗಿದ್ದಕ್ಕೆ ಸಾಕ್ಷಿಯಲ್ಲ. ಮೂಗಿನ ಹತ್ತಿರ ಹಿಡಿದಾಗ ತಿನ್ನರಿನ ವಾಸನೆ ಬರುತ್ತಿದ್ದರೆ ಕಾಯಬೇಕು. ಬೆರಳಿನ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದನ್ನೂ ಮರೆಯಬಾರದು.

ಅಂಟಿಸುವ ಕೆಲಸ ಇನ್ನುಳಿದದ್ದು. ಹೊಸ ಬ್ಲೇಡಿನಿಂದ ಶಾಯಿಯ ಅಂಚಿಗೆ ಸಾಧ್ಯವಾದಷ್ಟು ಹತ್ತಿರವಾಗಿ ಫಿಲ್ಮನ್ನು ಕತ್ತರಿಸಿಕೊಂಡರೆ ಬೆಳ್ಳಗಾಗುವ ಜಾಗವೇ ಕಡಿಮೆಯಾಗುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡು ಅದ್ದಿ ತೆಗೆದು, ಒದ್ದೆ ಬಟ್ಟೆಯ ಮೇಲೆ ಒಂದು ನಿಮಿಷ ಬಿಡಿ. ಬಟ್ಟಲಿನಲ್ಲಿಯೇ ತೇಲುವಂತೆ ಬಿಟ್ಟರೆ ಅಂಟು ಪೂರ್ತಿ ತೊಳೆದುಹೋಗುತ್ತದೆ. ಈ ನಡುವೆ ಡೆಕಾಲ್ ಕೂರುವ ಜಾಗಕ್ಕೆ ಮೈಕ್ರೋಸ್ಕೇಲ್ ಸಂಸ್ಥೆಯ ಮೈಕ್ರೋ ಸೆಟ್ ಅಥವಾ ಮಿಸ್ಟರ್ ಮಾರ್ಕ್ ಸೆಟ್ಟರ್‌ನಂತಹ ದ್ರವವನ್ನು ಹಚ್ಚಿಡಿ. ಮೈಕ್ರೋ ಸೆಟ್‌ನ ಮುಚ್ಚಳ ತೆಗೆದರೆ ವಿನೆಗರಿನ ವಾಸನೆ ಬರುತ್ತದೆ, ಅದರಲ್ಲಿರುವುದು ಅಸೆಟಿಕ್ ಆಮ್ಲ. ಅದು ಮೇಲ್ಮೈಯನ್ನು ಸಮನಾಗಿ ಒದ್ದೆ ಮಾಡಿ ಫಿಲ್ಮ್ ಹಿಡಿದುಕೊಳ್ಳಲು ನೆರವಾಗುತ್ತದೆ. ಡೆಕಾಲನ್ನು ಜಾರಿಸಿ ಜಾಗಕ್ಕೆ ತಂದು, ಒದ್ದೆ ಮಾಡಿದ ಹತ್ತಿಯ ಕಡ್ಡಿಯನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸುತ್ತ ನೀರನ್ನೂ ಗಾಳಿಯನ್ನೂ ಹೊರಗೆ ದಬ್ಬಬೇಕು. ಉಜ್ಜಿದರೆ ಡೆಕಾಲ್ ಜಾಗ ಬಿಡುತ್ತದೆ, ಉರುಳಿಸಿದರೆ ಬಿಡುವುದಿಲ್ಲ.

ನೀರು ಹೆಚ್ಚುಕಡಿಮೆ ಆರಿದ ಮೇಲೆ ಮೈಕ್ರೋ ಸಾಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್‌ನಂತಹ ಎರಡನೆಯ ದ್ರವದ ಸರದಿ. ಇದು ಫಿಲ್ಮನ್ನೇ ಮೆದುವಾಗಿಸುತ್ತದೆ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಡೆಕಾಲ್ ಸುಕ್ಕುಗಟ್ಟಿ ಎಲ್ಲವೂ ಹಾಳಾಯಿತೆನ್ನುವಂತೆ ಕಾಣುತ್ತದೆ. ಆ ಗಳಿಗೆಯಲ್ಲಿ ಬ್ರಷ್ ಅನ್ನು ಕೆಳಗಿಟ್ಟು ಮೇಜಿನಿಂದ ಎದ್ದುಹೋಗುವುದೇ ಕ್ಷೇಮ, ಏಕೆಂದರೆ ಮೆದುವಾದ ಫಿಲ್ಮನ್ನು ಮುಟ್ಟಿದರೆ ಹರಿಯುವುದು ಖಂಡಿತ. ಬಿಟ್ಟರೆ ಅದು ತಾನಾಗಿ ಎಳೆದುಕೊಂಡು ರಿವೆಟ್‌ಗಳ ಮೇಲೂ ಪ್ಯಾನೆಲ್ ಗೆರೆಗಳ ಒಳಗೂ ಇಳಿದು ಚಪ್ಪಟೆಯಾಗುತ್ತದೆ. ಈ ದ್ರವಗಳು ಎಲ್ಲ ಡೆಕಾಲ್‌ಗಳ ಮೇಲೂ ಒಂದೇ ಬಗೆಯಾಗಿ ವರ್ತಿಸುವುದಿಲ್ಲ. ದಪ್ಪನೆಯವು ಎರಡು ಮೂರು ಬಾರಿ ಹಚ್ಚಿದರೂ ಬಗ್ಗುವುದಿಲ್ಲ, ತೆಳುವಾದವು ಒಂದೇ ಸಲಕ್ಕೆ ಕರಗಿಬಿಡಬಹುದು. ಹಾಳೆಯಲ್ಲಿ ಬಳಕೆಗೆ ಬಾರದ ಸಂಖ್ಯೆಯೋ ಅಕ್ಷರವೋ ಇದ್ದೇ ಇರುತ್ತದೆ, ಅದನ್ನು ಹಳೆಯ ಮಾಡೆಲಿನ ಮೇಲೆ ಅಂಟಿಸಿ ಪರೀಕ್ಷಿಸುವುದು ಒಳ್ಳೆಯದು.

ಈಗಾಗಲೇ ಸಿಲ್ವರಿಂಗ್ ಆಗಿರುವ ಮಾಡೆಲನ್ನು ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೆ ಅದು ಮೇಜಿನ ಮೇಲಿದೆಯಲ್ಲವೇ. ಮೇಲೆ ವಾರ್ನಿಷ್ ಬಿದ್ದಿಲ್ಲವಾದರೆ ಚೂಪಾದ ಸೂಜಿಯಿಂದ ಬೆಳ್ಳಗಾದ ಕಡೆಯೆಲ್ಲ ಚುಚ್ಚಿ, ಫಿಲ್ಮಿನ ಕೆಳಗೆ ಪ್ಯಾನೆಲ್ ಗೆರೆ ಹಾದುಹೋಗಿದ್ದರೆ ಅದರ ಗುಂಟ ಬ್ಲೇಡಿನಿಂದ ಸೀಳಿ, ಮೆದುವಾಗಿಸುವ ದ್ರವವನ್ನು ಹಚ್ಚಿ ಬಿಡಿ. ದ್ರವ ಆ ರಂಧ್ರಗಳ ಮೂಲಕ ಒಳಕ್ಕೆ ಇಳಿದಂತೆ ಬೆಳ್ಳಗಿನ ಚುಕ್ಕೆಗಳು ಒಂದೊಂದಾಗಿ ಕಪ್ಪಾಗುವುದನ್ನು ಭೂತಗನ್ನಡಿಯಲ್ಲಿ ನೋಡಬಹುದು. ಒಣಗಿದ ಮೇಲೆ ಉಳಿದ ಚುಕ್ಕೆಗಳಿಗೆ ಮತ್ತೆ ಚುಚ್ಚಿ ಮತ್ತೆ ಹಚ್ಚಬೇಕು. ಸಂಜೆಗಳು ಕಳೆಯುತ್ತವೆ, ಆದರೆ ಬಹಳಷ್ಟು ಸುಧಾರಿಸುತ್ತದೆ. ತೀರ ತೆಳುವಾಗಿಸಿದ ಗ್ಲಾಸಿ ಕ್ಲಿಯರನ್ನು ರಂಧ್ರಗಳ ಮೇಲೆ ಒಂದು ಹನಿ ಇಟ್ಟು ಒಳಕ್ಕೆ ಹೀರಿಕೊಳ್ಳುವಂತೆ ಮಾಡುವವರೂ ಇದ್ದಾರೆ. ಗಾಳಿಯ ಜಾಗದಲ್ಲಿ ಕ್ಲಿಯರ್ ನಿಲ್ಲುವುದರಿಂದ ಅದೂ ಫಲಕಾರಿಯೇ, ಮತ್ತು ನೀರಿನಂತೆ ಅದು ಪೂರ್ತಿ ಆರಿಹೋಗುವುದಿಲ್ಲ.

ನಿಮ್ಮ ಮಾಡೆಲಿನ ಮೇಲೆ ಮ್ಯಾಟ್ ವಾರ್ನಿಷ್ ಬಿದ್ದಾಗಿದೆ. ಸೂಜಿ ಅದನ್ನೂ ತೂರಿ ಹೋಗುತ್ತದೆಯಾದ್ದರಿಂದ ಮೇಲಿನ ಉಪಾಯವನ್ನು ಮೊದಲು ಕಾಣದ ಕಡೆ, ಅಂದರೆ ರೆಕ್ಕೆಯ ಕೆಳಭಾಗದಲ್ಲಿ, ಪ್ರಯತ್ನಿಸಿ ನೋಡಿ. ದ್ರವ ತಾಗಿದ ಕಡೆ ವಾರ್ನಿಷ್ ಬಿಳಿಚಿಕೊಂಡರೆ ಅಲ್ಲಿಗೆ ನಿಲ್ಲಿಸಬೇಕು. ಹೇರ್ ಡ್ರೈಯರಿನ ಬಿಸಿಗಾಳಿಯಿಂದ ಫಿಲ್ಮನ್ನು ಕೂರಿಸುವ ಮಾತೂ ಕೇಳಿಬರುತ್ತದೆ, ಆದರೆ ಕಿಟ್ಟಿನ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗುವ ವಸ್ತುವಾದ್ದರಿಂದ ತೆಳುವಾದ ರೆಕ್ಕೆಯ ಅಂಚಿಗೂ ಆಂಟೆನಾಗೂ ಅದನ್ನು ಹತ್ತಿರ ತರದಿರುವುದೇ ಲೇಸು. ದೊಡ್ಡ ಅಕ್ಷರಗಳ ಮೇಲಿನ ಪೊರೆ ಯಾವುದಕ್ಕೂ ಜಗ್ಗದಿದ್ದರೆ ಆ ಡೆಕಾಲ್‌ಗಳನ್ನು ಅಂಟು ಟೇಪಿನಿಂದ ಎತ್ತಿ ತೆಗೆದು, ಜಾಗವನ್ನು ಉಜ್ಜಿ ನುಣುಪು ಮಾಡಿ, ಬಣ್ಣ ಸರಿಪಡಿಸಿ, ಬೇರೆ ಡೆಕಾಲ್ ತರಿಸಿ ಕೂರಿಸುವುದೊಂದೇ ಉಳಿದ ದಾರಿ. ಪುಟ್ಟ ಸೂಚನಾ ಅಕ್ಷರಗಳ ಸುತ್ತಲಿನ ಪೊರೆಗಾದರೆ ಅಷ್ಟು ಶ್ರಮ ಬೇಕಿಲ್ಲ. ಮಾಡೆಲಿಗೆ ಹಚ್ಚಿದ ಬಣ್ಣವನ್ನೇ ತೆಳುವಾಗಿಸಿ, ಮೊನಚು ಬ್ರಷ್‌ನಿಂದ ಅಕ್ಷರಗಳನ್ನು ತಪ್ಪಿಸಿ ಫಿಲ್ಮಿನ ಮೇಲೆ ಹಚ್ಚಿದರೆ ಸಾಕು, ಒಂದು ಮೊಳ ದೂರದಿಂದ ನೋಡುವವರಿಗೆ ಗೊತ್ತಾಗುವುದಿಲ್ಲ.