ಬೇಲಿಯ ಕವಳಿ ಹಣ್ಣು ಜಾಮ್ ಆಗುವ ಬಗೆ

ಭರಣಿ ಮಳೆಯ ನಾಲ್ಕು ಹನಿ ಬಿದ್ದು ಕೃತ್ತಿಕೆ ಇನ್ನೂ ಹಿಡಿಯದಿರುವ ಮೇ ತಿಂಗಳ ಮೊದಲ ವಾರದಲ್ಲಿ, ಚಿಕ್ಕಮಗಳೂರಿನಿಂದ ಸಖರಾಯಪಟ್ಟಣದ ಕಡೆಗೆ ಇಳಿಯುವ ಹಾದಿಯ ಆಚೀಚಿನ ಕುರುಚಲು ಗುಡ್ಡಗಳಲ್ಲಿ ಮತ್ತು ಹೊಲದ ಬೇಲಿಗಳಲ್ಲಿ ಕವಳಿ ಹಣ್ಣು ಬಣ್ಣ ತಿರುಗುತ್ತದೆ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಕೆನ್ನೆಯೇರಿದ ದೋರೆಗಾಯಿ, ಕಪ್ಪಗೆ ಕಳಿತ ಹಣ್ಣು ಮೂರೂ ಇರುತ್ತವೆ. ಕಳಿತದ್ದನ್ನು ಮುಟ್ಟಿದರೆ ಸಾಕು, ಕೈಗೆ ಬರುತ್ತದೆ. ಹಸಿರು ಕಾಯಿಯನ್ನು ಎಳೆದು ಕಿತ್ತಾಗ ಮಾತ್ರ ತೊಟ್ಟಿನಲ್ಲಿ ಬಿಳಿಯ ಹಾಲಿನ ಹನಿಯೊಂದು ಮೂಡಿ, ಬೆರಳಿಗೆ ಹತ್ತಿ, ನೀರಿನಲ್ಲಿ ತೊಳೆದರೂ ಬಿಡದ ಅಂಟಾಗುತ್ತದೆ. ಗಿಡದ ಮುಳ್ಳು ನೇರವಾಗಿ, ಜೋಡಿಯಾಗಿ, ಗಟ್ಟಿಯಾಗಿ ಇರುವುದರಿಂದ ಕೈಯನ್ನು ಪೊದೆಯೊಳಗೆ ಮೇಲಿನಿಂದ ಇಳಿಸದೆ ಕೆಳಗಿನಿಂದ ಏರಿಸುವುದು ಒಳ್ಳೆಯದು.

ಹಣ್ಣು ಬಿಡಿಸುವ ಹೆಚ್ಚಿನವರು ಕಪ್ಪಗಾದದ್ದನ್ನಷ್ಟೇ ಆರಿಸುತ್ತಾರೆ. ತಿನ್ನುವುದಕ್ಕೆ ಅದೇ ಸರಿ. ಜಾಮ್ ಮಾಡುವುದಾದರೆ ಮೂರು ಪಾಲು ಕಳಿತ ಹಣ್ಣಿಗೆ ಒಂದು ಪಾಲು ದೋರೆಗಾಯಿಯನ್ನು ಬೇಕೆಂದೇ ಸೇರಿಸಬೇಕು. ಬಾಟಲಿಯಲ್ಲಿ ಜಾಮ್ ನಿಲ್ಲುತ್ತದೆಯೋ ನೀರಾಗಿ ಹರಿಯುತ್ತದೆಯೋ ಎಂಬುದರ ಅರ್ಧ ತೀರ್ಮಾನ ಈ ಆಯ್ಕೆಯಲ್ಲಿ, ಅಂದರೆ ಗಿಡದ ಬುಡದಲ್ಲಿಯೇ ಆಗಿಬಿಡುತ್ತದೆ ಎಂದು ನಾನು ಹಲವು ವರ್ಷಗಳ ಅಡುಗೆಯ ನಂತರ ನಂಬಿದ್ದೇನೆ. ಅದಕ್ಕೆ ಕಾರಣ ಹಣ್ಣಿನೊಳಗಿನ ಒಂದು ಅಂಟು.

ಗೋಡೆಯ ಇಟ್ಟಿಗೆಗಳನ್ನು ಗಾರೆ ಹಿಡಿದಿಡುವಂತೆ, ಸಸ್ಯದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್. ಇದರ ಕಥೆ ಆರಂಭವಾಗುವುದು ನಮಗೆ ತೀರ ಪರಿಚಯದ ಹುಣಸೆಹಣ್ಣಿನಿಂದ. ಮುಂದೆ ಕ್ರೋಮಿಯಂ ಧಾತುವನ್ನು ಕಂಡುಹಿಡಿದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೊಕ್ಲ್ಯಾಂ, 1790ರಲ್ಲಿ ಹುಣಸೆಹಣ್ಣನ್ನು ಪರೀಕ್ಷಿಸುತ್ತಿದ್ದಾಗ ಅದರ ರಸದಲ್ಲಿ ಲೋಳೆಯಂತೆ ಹೆಪ್ಪುಗಟ್ಟುವ ವಸ್ತುವೊಂದಿರುವುದನ್ನು ಗುರುತಿಸಿದ. 1825ರಲ್ಲಿ ಅದೇ ದೇಶದ ಬ್ರಾಕೊನೊ ಅದನ್ನು ಬೇರ್ಪಡಿಸಿ, ಹೆಪ್ಪುಗಟ್ಟಿದ್ದು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರು ಕೊಟ್ಟ.

ಎಳೆಯ ಕಾಯಿಯಲ್ಲಿ ಈ ಗಾರೆ ನೀರಿನಲ್ಲಿ ಕರಗದ ರೂಪದಲ್ಲಿರುತ್ತದೆ. ಕಾಯಿ ಗಟ್ಟಿಯಾಗಿರುವುದು ಅದರಿಂದಲೇ. ಕಾಯಿ ದೋರೆಯಾಗುವಾಗ ಹಣ್ಣಿನ ಕಿಣ್ವಗಳು ಅದನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಿ, ಕುದಿಸಿದರೆ ನೀರಿಗೆ ಬರುವ ಪೆಕ್ಟಿನ್ ಆಗಿ ಮಾರ್ಪಡಿಸುತ್ತವೆ. ಕಿಣ್ವಗಳ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಹಣ್ಣು ಕಳಿತಂತೆ ಪೆಕ್ಟಿನ್ನಿನ ಉದ್ದನೆಯ ಸರಪಳಿಗಳನ್ನು ಅವು ತುಂಡರಿಸುತ್ತಲೇ ಹೋಗುತ್ತವೆ. ಕೊನೆಗೆ ಹಣ್ಣು ಬೆರಳಿಗೆ ಮೆತ್ತಗಾಗುವಷ್ಟರಲ್ಲಿ ಅದರಲ್ಲಿ ರುಚಿ, ಬಣ್ಣ, ಸಿಹಿ ಎಲ್ಲವೂ ತುಂಬಿದ್ದು, ಹೆಪ್ಪುಗಟ್ಟುವ ಶಕ್ತಿ ಮಾತ್ರ ಇಳಿದಿರುತ್ತದೆ. ಕಳಿತ ಹಣ್ಣಿನಿಂದ ರುಚಿ, ದೋರೆಗಾಯಿಯಿಂದ ಪೆಕ್ಟಿನ್ ಮತ್ತು ಹುಳಿ ಎಂಬ ಹಂಚಿಕೆ ಇದರಿಂದ ಬಂದದ್ದು. ಬಿಡಿಸಿದ ಹಣ್ಣನ್ನು ಎರಡು ದಿನ ಬುಟ್ಟಿಯಲ್ಲಿಟ್ಟು ಆಮೇಲೆ ನೋಡೋಣ ಎನ್ನುವುದು ತಪ್ಪಾಗುವುದೂ ಇದಕ್ಕೇ. ಕಿಣ್ವಗಳಿಗೆ ಗಿಡದ ಹಂಗು ಬೇಕಿಲ್ಲ. ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಕೂಡಲೇ ಬಿಡಿಸಿ ಅದೇ ದಿನ ಒಲೆಗೆ ಏರಿಸಬೇಕು. ದೊಡ್ಡ ಮಳೆ ಬಂದ ಮರುದಿನ ಬಿಡಿಸಿದರೆ ಹಣ್ಣಿನಲ್ಲಿ ನೀರು ಹೆಚ್ಚಿ, ಕುದಿಸುವ ಸಮಯವೂ ಹೆಚ್ಚುತ್ತದೆ.

ಪೆಕ್ಟಿನ್ ಎಂಬ ಹೆಸರು ಕೇಳದಿದ್ದರೂ ನಮ್ಮ ಜಿಲ್ಲೆಯ ಕಾಫಿ ಬೆಳೆಗಾರರಿಗೆ ಅದರ ಒಡನಾಟ ಹೊಸದಲ್ಲ. ಕೊಯ್ಲಿನ ಕಾಲದಲ್ಲಿ ಹಣ್ಣಾದ ಅರೇಬಿಕಾವನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬೇರ್ಪಡಿಸಿದ ಮೇಲೆ ಬೀಜದ ಸುತ್ತ ಜಾರುವ ಲೋಳೆಯೊಂದು ಉಳಿಯುತ್ತದಲ್ಲ, ಅದರ ಮುಖ್ಯ ಅಂಶಗಳಲ್ಲಿ ಪೆಕ್ಟಿನ್ ಒಂದು. ಬೀಜವನ್ನು ತೊಟ್ಟಿಯಲ್ಲಿ ಒಂದೂವರೆ ದಿನದವರೆಗೆ ಹುದುಗಲು ಬಿಡುತ್ತಾರೆ. ಕಿಣ್ವಗಳೂ ಸೂಕ್ಷ್ಮಜೀವಿಗಳೂ ಸೇರಿ ಆ ಅಂಟನ್ನು ಕಡಿದುಹಾಕುತ್ತವೆ. ಅನುಭವಿ ಕೈಗಳು ಒಂದು ಹಿಡಿ ಬೀಜವನ್ನು ತೆಗೆದು ತೊಳೆದು ಉಜ್ಜಿ ನೋಡುತ್ತವೆ. ಜಾರಿದರೆ ಇನ್ನೂ ಆಗಿಲ್ಲ. ಹೊಳೆಯ ಸಣ್ಣ ಕಲ್ಲುಗಳಂತೆ ಗರಗರ ಎಂದರೆ ತೊಳೆಯಬಹುದು. ಕಾಫಿ ತೊಟ್ಟಿಯಲ್ಲಿ ನಾವು ಹಾಳಾಗಲಿ ಎಂದು ಕಾಯುವ ಅದೇ ಪೆಕ್ಟಿನ್ ಜಾಮ್ ಪಾತ್ರೆಯಲ್ಲಿ ಹಾಳಾಗದಂತೆ ಕಾಪಾಡಬೇಕಾದ ವಸ್ತು. ಕೊಯ್ಲಿನ ಕಾಲದಲ್ಲಿ ತೊಟ್ಟಿಯನ್ನು ಕಂಡ ಯಾರಿಗೇ ಆದರೂ, ಮೆತ್ತಗಾದ ಹಣ್ಣನ್ನು ಬುಟ್ಟಿಯಲ್ಲಿ ಇಡಬಾರದೆಂಬ ಮಾತು ಬೇಗ ಮನಸ್ಸಿಗೆ ಇಳಿಯುತ್ತದೆ.

ಇನ್ನು ಒಲೆಯ ಮೇಲೆ ನಡೆಯುವುದೇನು? ನೀರಿನಲ್ಲಿ ಪೆಕ್ಟಿನ್ ಸರಪಳಿಗಳ ಮೈಮೇಲೆ ಋಣ ವಿದ್ಯುದಂಶಗಳಿರುತ್ತವೆ, ಆದ್ದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಜೊತೆಗೆ ಪ್ರತಿಯೊಂದು ಸರಪಳಿಯೂ ನೀರನ್ನು ಹೊದ್ದುಕೊಂಡಿರುತ್ತದೆ. ಹುಳಿ ಹೆಚ್ಚಿದಾಗ ಆ ವಿದ್ಯುದಂಶಗಳು ತಣಿದು ತಳ್ಳಾಟ ನಿಲ್ಲುತ್ತದೆ. ಸಕ್ಕರೆ ತನ್ನ ಪಾಲಿನ ನೀರನ್ನು ಹಿಡಿದುಕೊಂಡು ಸರಪಳಿಗಳ ಹೊದಿಕೆಯನ್ನು ಕಳಚುತ್ತದೆ. ಹೀಗೆ ಹತ್ತಿರ ಬಂದ ಸರಪಳಿಗಳು ಅಲ್ಲಲ್ಲಿ ಬೆಸೆದುಕೊಂಡು ಮೀನಿನ ಬಲೆಯಂಥ ರಚನೆಯಾಗುತ್ತದೆ, ಹಣ್ಣಿನ ರಸವೆಲ್ಲ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 3ರ ಆಸುಪಾಸಿನಲ್ಲಿದ್ದು, ಸಕ್ಕರೆಯ ಅಂಶ ನೂರಕ್ಕೆ 55ನ್ನು ದಾಟಿದಾಗ ಈ ಬಲೆ ಹೆಣೆದುಕೊಳ್ಳುತ್ತದೆ. ಕವಳಿಯ ಹುಳಿ ಎಷ್ಟು ತೀಕ್ಷ್ಣವೆಂದರೆ ಅದಕ್ಕೆ ನಿಂಬೆರಸ ಬೇಕಾಗುವುದಿಲ್ಲ. ಹಿಪ್ಪುನೇರಳೆ, ಸ್ಟ್ರಾಬೆರಿಗಳಲ್ಲಿ ಪೆಕ್ಟಿನ್ ಕಡಿಮೆ, ಕಳಿತ ಹಿಪ್ಪುನೇರಳೆಯಲ್ಲಿ ಹುಳಿಯೂ ಕಡಿಮೆ. (ಬೆರಿ ಎಂಬ ಹೆಸರಿಗೆ ಸಸ್ಯಶಾಸ್ತ್ರದ ಲೆಕ್ಕ ಬೇರೆಯೇ ಇದೆ. ಸ್ಟ್ರಾಬೆರಿಯಾಗಲಿ, ಇಂಗ್ಲಿಷಿನಲ್ಲಿ ಮಲ್ಬೆರಿ ಎನಿಸಿಕೊಳ್ಳುವ ಹಿಪ್ಪುನೇರಳೆಯಾಗಲಿ ಆ ಲೆಕ್ಕದಲ್ಲಿ ಬೆರಿಗಳಲ್ಲ. ಟೊಮೆಟೊ, ಬದನೆ, ಕವಳಿಗಳು ಬೆರಿಗಳು.)

ನನ್ನ ಮೊದಲ ಜಾಮ್ ಕೆಟ್ಟದ್ದು ಈ ಹಿಪ್ಪುನೇರಳೆಯಿಂದಲೇ. ರೇಷ್ಮೆಹುಳುವಿಗೆಂದು ಬೆಳೆದು ಸವರದೆ ಬಿಟ್ಟಿದ್ದ ಸಾಲಿನಿಂದ ಚೆನ್ನಾಗಿ ಕಳಿತ ಹಣ್ಣನ್ನೇ ಆರಿಸಿ ತಂದಿದ್ದೆ. ಅಡುಗೆ ಪುಸ್ತಕದಲ್ಲಿ 105 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಕುದಿಸಿರಿ ಎಂದಿತ್ತು, ಥರ್ಮಾಮೀಟರ್ ಹಿಡಿದು ನಿಂತೆ. ಉಷ್ಣಾಂಶ 101ಕ್ಕೆ ಬಂದು ಬಹಳ ಹೊತ್ತು ಅಲ್ಲೇ ನಿಂತಿತು. 105 ಕಾಣುವಷ್ಟರಲ್ಲಿ ಹಣ್ಣಿನ ನೇರಳೆ ಬಣ್ಣ ಕಂದಿಗೆ ತಿರುಗಿ, ತಣಿದ ಮೇಲೆ ಚಮಚ ಬಗ್ಗುವಷ್ಟು ಗಟ್ಟಿಯಾದ ಮಿಠಾಯಿಯಾಗಿತ್ತು. ಹಣ್ಣಿನ ಆಯ್ಕೆಯ ತಪ್ಪು ನನ್ನದು. ಉಷ್ಣಾಂಶದ ತಪ್ಪು ಏನೆಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು, ಆದರೆ ಮಲೆನಾಡಿನಲ್ಲಿ ಜಾಮ್ ಮಾಡುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕು.

ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣ 1,000 ಮೀಟರಿಗಿಂತ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದು 96ರಿಂದ 97 ಡಿಗ್ರಿಯ ನಡುವೆ. ಹಾಸನದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಾದರೆ 94ರ ಆಸುಪಾಸು. ನೀರಿನಲ್ಲಿ ಸಕ್ಕರೆ ಕರಗಿದಷ್ಟೂ ಕುದಿಬಿಂದು ಏರುತ್ತದೆ, ಜಾಮ್ ಹದಕ್ಕೆ ಬಂದಾಗ ಅದು ಬರೀ ನೀರಿನ ಕುದಿಬಿಂದುವಿಗಿಂತ ನಾಲ್ಕೂವರೆಯಿಂದ ಐದು ಡಿಗ್ರಿ ಮೇಲಿರುತ್ತದೆ. ಸಮುದ್ರಮಟ್ಟದಲ್ಲಿ ಬರೆದ 105ರ ಸೂತ್ರ ನಮ್ಮೂರಿನಲ್ಲಿ 101ರ ಸುತ್ತಮುತ್ತ ಆಗಬೇಕು. ಇಲ್ಲಿ 105ರವರೆಗೆ ಕಾದರೆ ಸಕ್ಕರೆಯ ಅಂಶ ನೂರಕ್ಕೆ 75ನ್ನೂ ದಾಟಿರುತ್ತದೆ. ಆದ್ದರಿಂದ ಥರ್ಮಾಮೀಟರನ್ನು ಮೊದಲು ಬರೀ ಕುದಿಯುವ ನೀರಿಗೆ ಹಿಡಿದು, ಬಂದ ಅಂಕಿಗೆ ನಾಲ್ಕೂವರೆ ಸೇರಿಸಿಕೊಳ್ಳಬೇಕು.

ಇದಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ತಕ್ಕಡಿಯ ಮೇಲೆ. ತೂಕಕ್ಕೆ ಬೆಟ್ಟದ ಎತ್ತರದ ಗೊಡವೆಯಿಲ್ಲ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಜಾಮ್‌ನಲ್ಲಿ ಕರಗಿದ ಘನಾಂಶ ನೂರಕ್ಕೆ 65ಕ್ಕಿಂತ ಕಡಿಮೆಯಿರಬಾರದು. ಬೀಜ ಸೋಸಿದ ಒಂದು ಕಿಲೋ ತಿರುಳಿನಲ್ಲಿ ಹಣ್ಣಿನದೇ ಘನಾಂಶ 120 ಗ್ರಾಂ ಎಂದಿಟ್ಟುಕೊಂಡು 900 ಗ್ರಾಂ ಸಕ್ಕರೆ ಸೇರಿಸಿದರೆ ಒಟ್ಟು ಘನಾಂಶ 1,020 ಗ್ರಾಂ. ಅದು ನೂರಕ್ಕೆ 65 ಆಗಬೇಕಾದರೆ ಜಾಮ್‌ನ ಕೊನೆಯ ತೂಕ ಸುಮಾರು 1,570 ಗ್ರಾಂ ಇರಬೇಕು. ಖಾಲಿ ಪಾತ್ರೆಯನ್ನು ಮೊದಲೇ ತೂಗಿಟ್ಟುಕೊಂಡು, ಕುದಿಯುವ ನಡುವೆ ಒಂದೆರಡು ಸಲ ಇಳಿಸಿ ತೂಗಿದರೆ ಇನ್ನೆಷ್ಟು ನೀರು ಹೋಗಬೇಕೆಂಬುದು ತಿಳಿಯುತ್ತದೆ. ನಿಯಮ ಕೇಳುವ ಹಣ್ಣಿನ ಪಾಲು ನೂರಕ್ಕೆ 45, ಸ್ಟ್ರಾಬೆರಿಗಾದರೆ 25 ಮಾತ್ರ. ಈ ಲೆಕ್ಕದ ಮನೆಯ ಜಾಮ್‌ನಲ್ಲಿ ಹಣ್ಣು 60ನ್ನು ಮೀರುತ್ತದೆ.

ಸಕ್ಕರೆಯನ್ನು ಯಾವಾಗ ಹಾಕಬೇಕೆಂಬುದೂ ಮುಖ್ಯ. ತೊಳೆದ ಕವಳಿಯನ್ನು ಮುಳುಗುವುದಕ್ಕಿಂತ ಕಡಿಮೆ ನೀರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಸಿಪ್ಪೆ ಪೂರ್ತಿ ಮೆತ್ತಗಾಗಿ ಪೆಕ್ಟಿನ್ ರಸಕ್ಕೆ ಬಂದ ಮೇಲೆ ಕಿವುಚಿ ಸೋಸಬೇಕು. ಬೀಜಗಳ ಜೊತೆಗೆ ಹಾಲಿನ ಅಂಟೂ ಜರಡಿಯಲ್ಲಿ ಸಾಕಷ್ಟು ಉಳಿಯುತ್ತದೆ. ಸಕ್ಕರೆಯನ್ನು ಮೊದಲೇ ಹಾಕಿದರೆ ಸಿಪ್ಪೆ ಗಡುಸಾಗಿ ಪೆಕ್ಟಿನ್ ಒಳಗೇ ಉಳಿಯುತ್ತದೆ. ಸಕ್ಕರೆ ಬಿದ್ದ ಮೇಲೆ ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ದೊಡ್ಡ ಉರಿಯಲ್ಲಿ ಬೇಗ ಕುದಿಸಿ ಮುಗಿಸಬೇಕು, ಏಕೆಂದರೆ ಹುಳಿಯೊಡನೆ ಹೆಚ್ಚು ಹೊತ್ತು ಕುದಿದರೆ ಪೆಕ್ಟಿನ್ ಸರಪಳಿಗಳೇ ತುಂಡಾಗುತ್ತವೆ. ಅದೇ ಹುಳಿಯಿಂದ ಒಂದು ಉಪಕಾರವೂ ಇದೆ: ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುವುದರಿಂದ ತಿಂಗಳುಗಳು ಕಳೆದರೂ ಜಾಮ್‌ನಲ್ಲಿ ಹರಳು ಕಟ್ಟುವುದಿಲ್ಲ.

ಹದ ನೋಡಲು ನಮ್ಮ ಅಡುಗೆಮನೆಯ ಎಳೆಪಾಕದ ಅಳತೆ ಇಲ್ಲಿ ಸಾಲದು. ಎರಡು ಬೆರಳ ನಡುವೆ ಎಳೆ ಬರುವುದು ಸಕ್ಕರೆಯ ಸಾಂದ್ರತೆಯನ್ನು ಹೇಳುತ್ತದೆಯೇ ಹೊರತು ಪೆಕ್ಟಿನ್ ಬಲೆ ಹೆಣೆದುಕೊಂಡಿತೇ ಎಂಬುದನ್ನಲ್ಲ. ಫ್ರಿಜ್‌ನಲ್ಲಿಟ್ಟು ತಣ್ಣಗಾದ ಪಿಂಗಾಣಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಒಂದು ನಿಮಿಷ ಕಾದು, ಬೆರಳಿನಿಂದ ಅಂಚನ್ನು ಮೆಲ್ಲನೆ ತಳ್ಳಿ ನೋಡಿ. ಹನಿಯ ಮೇಲ್ಮೈ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದರೆ ಬಲೆ ಬಿದ್ದಿದೆ. ಬೆರಳು ಹೋದ ದಾರಿ ಮತ್ತೆ ಮುಚ್ಚಿಕೊಂಡರೆ ಇನ್ನೂ ಎರಡು ನಿಮಿಷ ಬೇಕು. ಪರೀಕ್ಷೆ ನಡೆಯುವಾಗ ಒಲೆ ಆರಿಸಿರಬೇಕು.

ಬಣ್ಣದ ವಿಷಯವನ್ನೂ ಹೇಳಬೇಕು. ಕವಳಿ, ನೇರಳೆ, ಹಿಪ್ಪುನೇರಳೆಗಳ ಬಣ್ಣ ಆಂಥೋಸಯನಿನ್‌ಗಳದು. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ನೇರಳೆಹಣ್ಣು ತಿಂದು ಕಲೆಯಾದ ಅಂಗಿಗೆ ಸೋಪು ಹಚ್ಚಿದಾಗ ಕಲೆ ನೀಲಿಯಾಗುವುದನ್ನು ಎಲ್ಲ ತಾಯಂದಿರೂ ಕಂಡಿದ್ದಾರೆ. ಕಬ್ಬಿಣದ ಬಾಣಲೆಯಲ್ಲಿ ಈ ಬಣ್ಣ ಮಂಕಾಗಿ ಕಪ್ಪಿಡುತ್ತದೆ, ಬೆಳಕಿನಲ್ಲಿಟ್ಟ ಬಾಟಲಿಯಲ್ಲೂ ನಿಧಾನಕ್ಕೆ ಮಾಸುತ್ತದೆ. ಅಂದಹಾಗೆ, ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ಅನೇಕ ಸಲ ಬೀಜ ತೆಗೆದು ಬಣ್ಣ ಹಾಕಿ ಪಾಕದಲ್ಲಿ ನೆನೆಸಿದ ಕವಳಿಕಾಯಿಯೇ. ತನ್ನದೇ ಇಷ್ಟು ಚಂದದ ಬಣ್ಣವಿರುವ ಹಣ್ಣು ಇನ್ನೊಂದರ ಹೆಸರಿನಲ್ಲಿ ಮಾರಾಟವಾಗುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಬಾಟಲಿಗಳನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಬೇಕೆಂಬ ನಿಯಮಕ್ಕೂ ಎತ್ತರದ ತಿದ್ದುಪಡಿ ಬೇಕು. ಪ್ರತಿ 300 ಮೀಟರಿಗೆ ಒಂದು ನಿಮಿಷದಂತೆ ನಮ್ಮಲ್ಲಿ ಹದಿಮೂರು ನಿಮಿಷ. ಜಾಮ್ 85 ಡಿಗ್ರಿಗಿಂತ ಬಿಸಿಯಿರುವಾಗಲೇ ತುಂಬಿ ಮುಚ್ಚಬೇಕು. ಸಕ್ಕರೆ ಹಿಡಿದಿಟ್ಟುಕೊಂಡಿರುವ ನೀರು ಬ್ಯಾಕ್ಟೀರಿಯಾಗಳ ಪಾಲಿಗೆ ಇಲ್ಲದಂತೆಯೇ ಸರಿ, ಆದರೆ ಬೂಷ್ಟಿಗೆ ಅಷ್ಟು ನೀರೂ ಕೆಲವೊಮ್ಮೆ ಸಾಕಾಗುತ್ತದೆ. ಜಾಮ್ ಸುಮಾರು 80ರಿಂದ 85ರಷ್ಟು ಸಾಪೇಕ್ಷ ಆರ್ದ್ರತೆಯ ಗಾಳಿಯೊಡನೆ ಸಮತೋಲದಲ್ಲಿರುತ್ತದೆ. ಅದಕ್ಕಿಂತ ಒಣ ಗಾಳಿಯಲ್ಲಿ ನೀರು ಬಿಟ್ಟುಕೊಡುತ್ತದೆ, ಹೆಚ್ಚು ತೇವದ ಗಾಳಿಯಲ್ಲಿ ಹೀರಿಕೊಳ್ಳುತ್ತದೆ. ಆಷಾಢದಲ್ಲಿ ಮೂಡಿಗೆರೆ, ಸಕಲೇಶಪುರಗಳ ಗಾಳಿ ಆ ಗೆರೆಯನ್ನು ದಾಟಿರುವ ದಿನಗಳೇ ಹೆಚ್ಚು. ಬಾಯಿ ತೆರೆದಿಟ್ಟ ಬಾಟಲಿಯ ಮೇಲ್ಪದರ ನೀರು ಕುಡಿದು ತೆಳುವಾಗಿ, ನಾಲ್ಕು ದಿನದಲ್ಲಿ ಬಿಳಿಯ ನೂಲು ಹರಡುತ್ತದೆ. ಆದ್ದರಿಂದ ದೊಡ್ಡ ಬಾಟಲಿಗಿಂತ ವಾರದಲ್ಲಿ ಮುಗಿಯುವ ಸಣ್ಣ ಬಾಟಲಿಗಳು ಮಲೆನಾಡಿಗೆ ಹೊಂದುತ್ತವೆ. ಬೂಷ್ಟು ಬಂದರೆ ಮೇಲಿನದನ್ನು ಕೆರೆದು ತಿನ್ನುವ ರೂಢಿ ಬಿಡಬೇಕು. ಅದರ ಎಳೆಗಳು ಕಣ್ಣಿಗೆ ಕಾಣದೆ ಆಳಕ್ಕೂ ಇಳಿದಿರುತ್ತವೆ.

ಮಕ್ಕಳನ್ನು ಹಣ್ಣು ಬಿಡಿಸಲು ಕರೆದೊಯ್ಯುವವರು ಅದೇ ಬೇಲಿಯಲ್ಲಿ ಹಬ್ಬಿರುವ ಲಂಟಾನದ ಕಪ್ಪು ಹಣ್ಣನ್ನೂ ಗುಲಗಂಜಿಯ ಕೆಂಪು ಬೀಜವನ್ನೂ ಮೊದಲು ತೋರಿಸಿ, ಇವು ಬೇಡ ಎಂದು ಕಲಿಸಬೇಕು. ಗುಲಗಂಜಿಯ ಬೀಜವನ್ನು ಜಗಿದರೆ ಪ್ರಾಣಕ್ಕೇ ಅಪಾಯ. ಪೊದೆಯ ಮೇಲ್ತುದಿಯ ಹಣ್ಣನ್ನು ಪಿಕಳಾರಗಳಿಗೆ ಬಿಡುವುದು ವಾಡಿಕೆ. ಬೀಜ ಹರಡುವ ಕೆಲಸ ಅವುಗಳದು.

ಜೀವಂತ ಬೇಲಿಗಳು ಹೋಗಿ ಮುಳ್ಳುತಂತಿ ಬರುತ್ತಿರುವ ಈ ಕಾಲದಲ್ಲಿ ನಮ್ಮ ಪಾಲಿನ ಕೆಲಸವೂ ಸ್ವಲ್ಪ ಇದೆ. ಬೇಯಿಸಿ ಸೋಸಿದ ಬೀಜ ಮೊಳೆಯುವುದಿಲ್ಲ. ಒಲೆ ಹಚ್ಚುವ ಮೊದಲೇ ಒಂದು ಬೊಗಸೆ ಕಳಿತ ಹಣ್ಣನ್ನು ಬದಿಗಿಟ್ಟು, ಕಿವುಚಿ, ಬೀಜವನ್ನು ತೊಳೆದು ನೆರಳಿನಲ್ಲಿ ಆರಿಸಬೇಕು. ಕವಳಿ ಬೀಜದ ಮೊಳೆಯುವ ಶಕ್ತಿ ಬೇಗ ಇಳಿಯುತ್ತದೆ, ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟರೆ ಪ್ರಯೋಜನವಿಲ್ಲ. ಮೇ ತಿಂಗಳಲ್ಲಿ ತೆಗೆದದ್ದನ್ನು ರೋಹಿಣಿ ಮಳೆಗೆ ಮಡಿಯಲ್ಲಿ ಬಿತ್ತಿದರೆ ಮುಂದಿನ ಮುಂಗಾರಿಗೆ ಗೇಣುದ್ದದ ಸಸಿಗಳು ಬೇಲಿಯ ಸಾಲಿಗೆ ಸಿದ್ಧವಾಗಿರುತ್ತವೆ.